ಕೊನೆಯ ಸಾಲಿಗೆ ಕೇಳಬೇಕು

ಪಾತ್ರ ಹಂಚುವ ದಿನ ಬೆಳಿಗ್ಗೆ ನಮ್ಮ ನಾಟಕ ಕಂಪನಿಯ ಪಿಯಾನೊ ಮೆಟ್ಟಿಲ ಮೇಲಿಂದ ಬಿತ್ತು. ತಾಲೀಮು ಕೋಣೆಯ ನೆಲಕ್ಕೆ ಹೊಸ ಹಲಗೆ ಹಾಕಿಸಬೇಕೆಂದು ಯಜಮಾನರು ಅದನ್ನು ರಂಗದ ಮೇಲಕ್ಕೆ ಸಾಗಿಸಲು ಆಳುಗಳನ್ನು ಕರೆಸಿದ್ದರು. ಅರ್ಧ ಮೆಟ್ಟಿಲು ಏರುವಷ್ಟರಲ್ಲಿ ಒಬ್ಬನ ಕೈ ಜಾರಿತು. ಪಿಯಾನೊದ ಕಾಲು ಮುರಿಯಿತು, ಪೆಡಲುಗಳು ಕಿತ್ತು ಬಂದವು, ಒಳಗಿನ ತಂತಿಗಳೆಲ್ಲ ಒಟ್ಟಿಗೆ ನರಳಿ ಸುಮ್ಮನಾದವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನನ್ನ ಭಾವನ ಮುಖ ಹೆಣದ ಹಾಗೆ ಬಿಳುಚಿಕೊಂಡಿತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಕಂಪನಿಗೆ ಪಿಯಾನೊ ನುಡಿಸುವವರು ಅವರೇ, ವರ್ಷಕ್ಕೊಮ್ಮೆ ಅದರ ಮುಚ್ಚಳ ತೆಗೆದು ತಂತಿಗಳ ಶ್ರುತಿ ಸರಿಮಾಡುವವರೂ ಅವರೇ. ಆ ಕೆಲಸಕ್ಕೆ ಕೂತಾಗ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸೂಜಿ ಬಿದ್ದರೂ ಕೇಳಬೇಕು, ಯಾರೂ ಒಳಗೆ ಬರಕೂಡದು ಎನ್ನುತ್ತಿದ್ದರು. ಅಕ್ಕ ಕಂಪನಿಯ ನಾಯಕಿ. ನಾನು ಉಡುಪಿನವಳು, ಹೊಲಿಯುವುದು, ಬಿಚ್ಚುವುದು, ಇಸ್ತ್ರಿ ಮಾಡುವುದು, ರಾಜರಾಣಿಯರ ಬೆವರಿನ ನಾತ ಕುಡಿಯುವುದು ನನ್ನ ಪಾಲು. ನನ್ನ ಮಗಳನ್ನು ಎಲ್ಲರೂ ಶಿಳ್ಳೆ ಎಂದೇ ಕರೆಯುತ್ತಾರೆ. ಚಿಕ್ಕವಳಿದ್ದಾಗ ರಸ್ತೆಯ ಆ ತುದಿಯಿಂದ "ಅಮ್ಮಾ" ಎಂದು ಕೂಗಿದರೆ ಮೂರನೇ ಮಹಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ನನಗೆ ಕೇಳುತ್ತಿತ್ತು. ಅಷ್ಟು ಎತ್ತರದ, ಅಷ್ಟು ಶುದ್ಧವಾದ ದನಿ. ಅವಳಪ್ಪ ನಮ್ಮನ್ನು ಬಿಟ್ಟುಹೋದ ಮೇಲೆ ಆ ಮನೆಯಲ್ಲಿ ನನಗಿದ್ದ ಸುಖ ಅಂದರೆ ಅದೊಂದೇ.

ನಮ್ಮಲ್ಲಿ ಪಾತ್ರ ಕೊಡುವ ರೀತಿ ಬೇರೆ ಕಡೆಯ ಹಾಗಲ್ಲ. ಹಾಡುವವರು ಖಾಲಿ ರಂಗದ ಮೇಲೆ ಮೈಕಿಲ್ಲದೆ ನಿಲ್ಲಬೇಕು. ಎಲ್ಲರಿಗೂ ಒಂದೇ ಹಾಡು, ಕಂಪನಿಯ ಮೊಟ್ಟಮೊದಲ ನಾಟಕದ್ದು. ಬಾವಿಯ ಹಾಡು ಅನ್ನುತ್ತೇವೆ. ಅದರ ಮೊದಲ ಸಾಲು ತಳದಲ್ಲಿ ಶುರುವಾಗುತ್ತದೆ, ಆಮೇಲೆ ಏರುತ್ತ ಏರುತ್ತ ಕೊನೆಗೆ ತೀರಾ ಎತ್ತರದ ಸ್ವರದ ಮೇಲೆ ನಿಲ್ಲುತ್ತದೆ. ಸಭಾಂಗಣದ ಕೊನೆಯ ಸಾಲಿನಲ್ಲಿ ಅಕ್ಕ ಕೂತಿರುತ್ತಾಳೆ. ಹಾಡು ತಳದಿಂದ ತುದಿಯವರೆಗೆ ಕೇಳಿಸಿದರೆ ಕುರ್ಚಿಯ ಮರದ ಕೈಯನ್ನು ಅಂಗೈಯಿಂದ ಒಮ್ಮೆ ತಟ್ಟುತ್ತಾಳೆ. ತಟ್ಟಿದರೆ ಪಾತ್ರ ಉಂಟು, ತಟ್ಟದಿದ್ದರೆ ಇಲ್ಲ. ಯಾಕೆ ಏನು ಎಂದು ಕೇಳುವ ಹಾಗಿಲ್ಲ.

ಅಕ್ಕ ಅನ್ಯಾಯದ ಹೆಂಗಸಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಂಬ ಇದೆ, ಬೇಕಾದಷ್ಟಿದೆ. "ನಾನು ಮೊದಲ ದಿನ ಯಾವ ಸ್ವರದಲ್ಲಿ ಹಾಡಿದ್ನೋ ಇವತ್ತೂ ಅದೇ ಸ್ವರ. ಮೊದಲ ದಿನ ಹಾಕಿದ್ದ ಲಂಗ ಇವತ್ತೂ ನನ್ನ ಸೊಂಟಕ್ಕೆ ಸರಿಯಾಗತ್ತೆ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಲಂಗದ ಗುಟ್ಟು ನನಗೆ ಗೊತ್ತು. ಪ್ರತಿ ವರ್ಷ ಅವಳಿಗೆ ತಿಳಿಯದ ಹಾಗೆ ಅದರ ಹೊಲಿಗೆ ಬಿಚ್ಚಿ, ಒಳಗಿಂದ ಪಟ್ಟಿ ಕೊಟ್ಟು, ಕೊಕ್ಕೆ ಜರುಗಿಸಿ, ಮತ್ತೆ ಹೊಲಿಯುವವಳು ನಾನೇ. ಆ ಲಂಗದಲ್ಲಿ ಈಗ ಹಳೇ ಬಟ್ಟೆಗಿಂತ ಪಟ್ಟಿಯೇ ಹೆಚ್ಚು. ಅವಳ ಬೆನ್ನ ಹಿಂದೆ ನಕ್ಕು ಸುಮ್ಮನಾಗುತ್ತಿದ್ದೆ. ಸ್ವರದ ಮಾತು ಮಾತ್ರ ನಿಜ ಎಂದುಕೊಂಡಿದ್ದೆ.

ಆದರೆ ಕೊನೆಯ ಸಾಲಿನಲ್ಲಿ ಕೂತರೆ ಅವಳಿಗೆ ತಂಗಿಯೂ ಇಲ್ಲ, ತಂಗಿಯ ಮಗಳೂ ಇಲ್ಲ. ಶಿಳ್ಳೆ ಪ್ರಾಯಕ್ಕೆ ಬಂದು ಮೊದಲ ಸಲ ಹಾಡಿದಾಗ ಬಾವಿಯ ಹಾಡಿನ ಮೊದಲ ಸಾಲು ಅವಳ ಗಂಟಲಲ್ಲೇ ಮುಳುಗಿಹೋಯಿತು. ಅಕ್ಕ ತಟ್ಟಲಿಲ್ಲ. ಮರುವರ್ಷವೂ ಇಲ್ಲ. ಮೂರನೇ ಸಲವೂ ಅಷ್ಟೇ. "ಮೇಲೆ ಚೆನ್ನಾಗಿದೆ ಕಣೇ, ಬುಡವೇ ಇಲ್ಲ" ಎಂದು ಆಮೇಲೆ ನನ್ನ ಕೋಣೆಗೆ ಬಂದು ಹೇಳಿದಳು. "ಮೊದಲನೇ ಸಾಲು ಕೇಳಿಸದೇ ಇರೋಳಿಗೆ ನಾಯಕಿ ಪಾತ್ರ ಕೊಟ್ರೆ ಜನ ನಗ್ತಾರೆ. ನನ್ನ ತಂಗಿ ಮಗಳು ಅಂತ ಕಿವಿ ಉದ್ದ ಮಾಡ್ಕೊಳಕ್ಕಾಗಲ್ಲ."

ನನ್ನ ಮಗಳು ಹಟಮಾರಿ. ಆ ಬುಡ ತಂದೇ ತೀರುತ್ತೇನೆಂದು ಹೊರಟಳು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ತಾಲೀಮು ಕೋಣೆಗೆ ಹೋಗಿ, ಅದೇ ಪಿಯಾನೊದ ಮುಂದೆ ಕೂತು, ದನಿಯನ್ನು ಕೆಳಕ್ಕೆ ಒತ್ತಿ ಒತ್ತಿ ಹಾಡಿದಳು. ಎಷ್ಟೋ ದಿನ ಭಾವನೇ ಪಕ್ಕದಲ್ಲಿ ಕೂತು ನುಡಿಸಿಕೊಟ್ಟರು. ಬರಬರುತ್ತ ಅವಳ ದನಿ ದಪ್ಪವಾಯಿತು, ಒರಟಾಯಿತು. ರಸ್ತೆಯಿಂದ ಕೂಗುವುದು ನಿಂತಿತು. ಕೆಮ್ಮು ಹತ್ತಿತು. ಗಂಟಲಿನ ಡಾಕ್ಟರು ದೀಪ ಬಿಟ್ಟು ನೋಡಿ, ಒಳಗೆ ಗಂಟುಗಳಾಗಿವೆ, ಕೆಲವು ತಿಂಗಳು ಹಾಡಲೇಬಾರದು ಎಂದರು. "ಈ ಸಲದ ಪರೀಕ್ಷೆ ಒಂದು ಮುಗೀಲಿ ಅಮ್ಮ, ಆಮೇಲೆ ಮೂಗಿ ಥರ ಇರ್ತೀನಿ" ಎಂದಳು. ನಾನು ಬಿಸಿನೀರು ಕಾಯಿಸಿ ಕೊಟ್ಟೆ.

ಈ ಸಲ ಒಟ್ಟಿಗೆ ಎರಡು ಹೊಸ ಸಂಗೀತ ನಾಟಕಗಳು. ಒಂದರಲ್ಲಿ ಸಿಂಹಾಸನ ಕಳೆದುಕೊಂಡ ರಾಣಿ, ಅದು ಅಕ್ಕನಿಗೇ ಮೀಸಲು. ಇನ್ನೊಂದರಲ್ಲಿ ಹಡಗಿನ ಕಪ್ತಾನನ ಮಗಳು. ಕೊನೆಯ ಸಾಲು ದಾಟುವ ಹೊಸ ದನಿ ಸಿಕ್ಕರೆ ಅವಳಿಗೆ ಕೊಡುತ್ತೇನೆ, ಸಿಗದಿದ್ದರೆ ಅದೂ ಅಕ್ಕನಿಗೇ ಎಂದು ಯಜಮಾನರು ಹೇಳಿಬಿಟ್ಟಿದ್ದರು. ಪರೀಕ್ಷೆಗೆ ಮುಂಚಿನ ವಾರ ಅಕ್ಕ ತಾಲೀಮು ಕೋಣೆಯ ಬಾಗಿಲಲ್ಲಿ ನಿಂತು ಶಿಳ್ಳೆಯ ಹಾಡು ಕೇಳಿಸಿಕೊಂಡಳು. ನನ್ನ ಕೋಣೆಗೆ ಬಂದು, "ಈಗ ಬುಡ ಬಂತು ನೋಡೇ" ಎಂದಳು. ನಾನು ಕತ್ತರಿ ಕೆಳಗಿಟ್ಟು ಗೊಳೋ ಎಂದು ಅತ್ತೆ. ಕಪ್ತಾನನ ಮಗಳ ನಿಲುವಂಗಿಗೆ ನನ್ನ ಮಗಳ ಅಳತೆಯಲ್ಲೇ ಬಟ್ಟೆ ಕತ್ತರಿಸಿಯೂ ಬಿಟ್ಟೆ.

ಪಿಯಾನೊ ಬಿದ್ದದ್ದು ಹೀಗಿರುವಾಗ.

"ಇವತ್ತು ಬೇಡ ಯಜಮಾನ್ರೇ" ಎಂದರು ಭಾವ. "ಇದರ ಕಾಲು ಕೂಡಿಸಲಿ, ನಾನು ತಂತಿ ನೋಡ್ತೀನಿ. ಮುಂದಿನ ತಿಂಗಳು ಮಾಡೋಣ."

"ಭಿತ್ತಿಪತ್ರ ಅಚ್ಚಿಗೆ ಹೋಗಬೇಕು ಮಾರಾಯ್ರೇ. ಹುಡುಗೀರು ಹೊರಗಡೆ ಕಾಯ್ತಿದಾರೆ" ಎಂದ ಯಜಮಾನರು ಪಕ್ಕದ ಬೀದಿಯ ವಾದ್ಯದಂಗಡಿಯಿಂದ ಎಲೆಕ್ಟ್ರಿಕ್ ಕೀಬೋರ್ಡು ತರಿಸಿದರು. ಭಾವ ಅದರ ಮುಂದೆ ಕೂತರು. ಬೆರಳು ಇಡಲು ಅವರಿಗೆ ಮನಸ್ಸಿರಲಿಲ್ಲ. ನನಗಾಗ ಸಿಟ್ಟು ಬಂತು. ನನ್ನ ಮಗಳ ಪಾಲಿಗೆ ಬಾಗಿಲು ತೆರೆಯುತ್ತಿರುವ ದಿನ ಇವರದೇನು ಪೀಕಲಾಟ ಎಂದುಕೊಂಡೆ.

ಹೊರಗಿನವರನ್ನು ಬಿಡುವ ಮುಂಚೆ ಅಕ್ಕ ಬಾವಿಯ ಹಾಡನ್ನು ಒಮ್ಮೆ ಹಾಡಿ, ಹೀಗಿರಬೇಕು ಎಂದು ತೋರಿಸಿ, ಆಮೇಲೆ ಕೊನೆಯ ಸಾಲಿಗೆ ಹೋಗುವುದು ರೂಢಿ. ಸಭಾಂಗಣದಲ್ಲಿ ಆಗ ಇದ್ದದ್ದು ಐದೇ ಜನ: ಯಜಮಾನರು, ಅಕ್ಕ, ಭಾವ, ಶಿಳ್ಳೆ, ಅಂಗಿಯ ತುಂಬ ಗುಂಡುಸೂಜಿ ಚುಚ್ಚಿಕೊಂಡ ನಾನು. ಅಕ್ಕ ರಂಗದ ನಡುವೆ ನಿಂತು ಸೆರಗು ಸರಿಮಾಡಿಕೊಂಡಳು. ಭಾವ ನುಡಿಸಿದರು. ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯದಕ್ಕೆ ಹುಬ್ಬು ಗಂಟಾಯಿತು. ತುದಿಯ ಸ್ವರಕ್ಕೆ ಏರುವಾಗ ದನಿ ಒಡೆಯಿತು. ಒಣಗಿದ ಬಟ್ಟೆ ಹರಿದ ಸದ್ದು ಅದು, ನನಗೆ ಚೆನ್ನಾಗಿ ಗೊತ್ತು.

ಅಕ್ಕ ಕೆಮ್ಮಿ, ಮತ್ತೆ ಹಾಡಿದಳು. ಮತ್ತೆ ಅದೇ ಜಾಗದಲ್ಲಿ ಒಡೆಯಿತು. ಇನ್ನೊಮ್ಮೆ. ಕುತ್ತಿಗೆಯ ನರಗಳು ಎದ್ದು ನಿಂತವು, ದನಿ ಮಾತ್ರ ಮೇಲೆ ಹೋಗಲಿಲ್ಲ.

"ಈ ಡಬ್ಬ ಸರಿಯಿಲ್ಲ" ಎಂದಳು. "ಎಲ್ಲಾ ಮೇಲೆ ಮೇಲೆ ನುಡಿಯತ್ತೆ."

ಯಜಮಾನರು ಮೇಜಿನ ಡ್ರಾಯರಿನಿಂದ ತಮ್ಮ ತಂದೆಯ ಕಾಲದ ಶ್ರುತಿ ಕವೆಯನ್ನು ತೆಗೆದರು. ಉಕ್ಕಿನ ಆ ಕವೆಯನ್ನು ತಟ್ಟಿದರೆ ಒಂದೇ ಸ್ವರ ನುಡಿಯುತ್ತದೆ, ಅದಕ್ಕೆ ವಯಸ್ಸಾಗುವುದಿಲ್ಲ. ಮೇಜಿಗೆ ತಟ್ಟಿ ಕಿವಿಗೆ ಹಿಡಿದರು. ಕೀಬೋರ್ಡಿನಲ್ಲಿ ಅದೇ ಸ್ವರ ಒತ್ತಿದರು. ಎರಡೂ ಒಂದೇ.

"ಡಬ್ಬ ಸರಿಯಾಗೇ ಇದೆ" ಎಂದರು. ಆಮೇಲೆ ಏನೋ ಹೊಳೆದವರಂತೆ ಆಳುಗಳು ಹೇಗೋ ಎತ್ತಿ ತಂದು ರಂಗದ ಮೂಲೆಯಲ್ಲಿ ಇಟ್ಟಿದ್ದ ಪಿಯಾನೊದ ಹತ್ತಿರ ಹೋಗಿ ಅದರಲ್ಲೂ ಆ ಕೀಯನ್ನು ಒತ್ತಿದರು. ಬಿದ್ದರೂ ತಂತಿ ಜೀವಂತವಾಗಿತ್ತು. ಆದರೆ ಕವೆಯ ಸ್ವರ ಎಲ್ಲೋ, ಅದು ಎಲ್ಲೋ. ಬಿದ್ದ ಪೆಟ್ಟಿಗೆ ಒಂದೆರಡು ತಂತಿ ಸಡಿಲಬಹುದು. ಇಲ್ಲಿ ಎಲ್ಲಾ ಕೀಗಳೂ ಸಮವಾಗಿ, ಅಚ್ಚುಕಟ್ಟಾಗಿ ಕೆಳಗೆ ಇದ್ದವು.

ಅಕ್ಕ ಗಂಡನ ಕಡೆ ತಿರುಗಿದಳು. ಭಾವ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ.

"ವರ್ಷಕ್ಕೆ ಒಂಚೂರು ಇಳಿಸ್ತಿದ್ದೆ" ಎಂದರು. "ನಿಂಗೆ ಮೇಲಿನ ಸ್ವರ ಕಷ್ಟ ಆಗೋಕೆ ಶುರುವಾದಾಗಿಂದ. ನಿಂಗೆ ಗೊತ್ತಾಗಬಾರದು ಅಂತ."

"ಎಷ್ಟು ಇಳಿದಿದೆ?"

"ಈಗ ಮೂರು ಕೀಯಷ್ಟು."

ಕೀಗಳು ಅವೇ, ಬೆರಳು ಅವೇ, ಹಾಳೆಯ ಮೇಲೆ ಬರೆದ ಸ್ವರವೂ ಅದೇ. ಒಳಗಿನ ತಂತಿಗಳು ಮಾತ್ರ ವರ್ಷ ವರ್ಷ ಸಡಿಲವಾಗುತ್ತ ಬಂದಿದ್ದವು. ಪಿಟೀಲಿನವರು ಪಿಯಾನೊ ಕೇಳಿಯೇ ತಮ್ಮ ತಂತಿ ಬಿಗಿ ಮಾಡಿಕೊಳ್ಳುವವರು, ಅವರೂ ಜೊತೆಗೆ ಇಳಿದರು. ಕೊಳಲಿನವನೊಬ್ಬನಿದ್ದ. ಕೊಳಲನ್ನು ಇಳಿಸಲಾಗುವುದಿಲ್ಲವಲ್ಲ; ಯಾವುದೋ ಸಣ್ಣ ಮಾತಿಗೆ ಭಾವ ಅವನ ಮೇಲೆ ಜಗಳ ತೆಗೆದು ಕಂಪನಿ ಬಿಡಿಸಿದ್ದರು. ಇರುವೆಯನ್ನೂ ನೋಯಿಸದ ಮನುಷ್ಯನಿಗೆ ಅಂಥ ಕೋಪ ಎಲ್ಲಿಂದ ಬಂತೆಂದು ಆಗ ನಾವೆಲ್ಲ ಬೆರಗಾಗಿದ್ದೆವು. ಈಗ ತಿಳಿಯಿತು.

ಅಕ್ಕ ಕೂಗಾಡಲಿಲ್ಲ. ರಂಗದಿಂದ ಇಳಿದು, ಕುರ್ಚಿಗಳ ನಡುವೆ ನಿಧಾನಕ್ಕೆ ನಡೆದು, ಕೊನೆಯ ಸಾಲಿನ ತನ್ನ ಜಾಗದಲ್ಲಿ ಕೂತಳು. "ಮುಂದಿನವರು ಹಾಡ್ಲಿ" ಎಂದಳು. ಅಷ್ಟು ದೂರದಿಂದ ಅವಳ ಮುಖ ಕಾಣುತ್ತಿರಲಿಲ್ಲ.

ನನ್ನ ಬಗ್ಗೆ ಇದ್ದದ್ದು ಇದ್ದಂತೆ ಹೇಳುತ್ತೇನೆ: ನನಗೆ ಆಗ ಅಕ್ಕನ ಮೇಲೆ ಕನಿಕರ ಬರಲಿಲ್ಲ, ಖುಷಿಯಾಯಿತು. ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಮೂರು ಕೀ ಕೆಳಗೆ ಹಾಡಿಸಿದ್ದಕ್ಕೆ ನನ್ನ ಮಗಳ ಮೊದಲ ಸಾಲು ಕೇಳಿಸಿರಲಿಲ್ಲ. ಬುಡ ಇಲ್ಲದ್ದು ಅವಳ ದನಿಗಲ್ಲ. ಈ ಹಾಡು ನಿಜವಾಗಿ ಇರಬೇಕಾದ ಎತ್ತರವೇ ಅವಳ ಎತ್ತರ. ಅವಳ ಬೆನ್ನು ಹಿಡಿದು ರಂಗದ ಕಡೆ ತಳ್ಳಿದೆ.

"ಹೋಗೇ, ಹಾಡು! ಇದು ನಿಂದೇ ಜಾಗ ಕಣೇ!"

"ಅಮ್ಮ, ಬೇಡ" ಎಂದಳು. ಅವಳಿಗೆ ಆಗಲೇ ಗೊತ್ತಿತ್ತು. ಹಾಡುವವರ ಗಂಟಲು ಅವರಿಗೆ ಗೊತ್ತಿರುವಷ್ಟು ಹೆತ್ತವರಿಗೂ ಗೊತ್ತಿರುವುದಿಲ್ಲ.

"ಹಾಡು ಅಂದ್ನಲ್ಲ!"

ಹಾಡಿದಳು. ಮೊದಲ ಸಾಲು ಸಭಾಂಗಣವನ್ನು ತುಂಬಿತು. ನನ್ನ ಮೈ ಜುಮ್ಮೆಂದಿತು. ಎರಡನೇ ಸಾಲಿನಲ್ಲಿ ದನಿ ಒರಟಾಯಿತು. ಆಮೇಲೆ ಏರಬೇಕಾದಲ್ಲಿ, ರಸ್ತೆಯ ತುದಿಯಿಂದ ಮೂರನೇ ಮಹಡಿಗೆ ತಲುಪುತ್ತಿದ್ದ ಆ ಎತ್ತರದಲ್ಲಿ, ಅವಳ ಬಾಯಿ ತೆರೆದಿತ್ತು, ಎದೆ ಉಬ್ಬಿತ್ತು, ಬಂದದ್ದು ಬರೀ ಗಾಳಿ. ಅವಳು ನಿಲ್ಲಿಸಲಿಲ್ಲ. ತುಟಿ ಆಡಿಸುತ್ತ, ಕೇಳಿಸದ ಹಾಡನ್ನು ಕೊನೆಯವರೆಗೂ ಹಾಡಿ ನಿಂತಳು. ಇಲ್ಲದ ಬುಡ ತರುವುದಕ್ಕೆ ಹೋಗಿ ಇದ್ದ ತುದಿಯನ್ನು ಅವಳು ತಿಂದುಹಾಕಿದ್ದಳು.

ಕೊನೆಯ ಸಾಲಿನಿಂದ ಸದ್ದಿಲ್ಲ.

ನಾನು ಭಾವನ ಮೇಲೆ ಹರಿಹಾಯ್ದೆ. ಏನೇನಂದೆನೋ ಎಲ್ಲ ನೆನಪಿಲ್ಲ. "ನಾನೂ ಅಕ್ಕನ ಲಂಗ ಬಿಚ್ಚಿ ಹೊಲಿದೆ. ನಾನು ಬಿಚ್ಚಿದ ಹೊಲಿಗೆಯಿಂದ ಯಾರ ಸೊಂಟಾನೂ ಮುರೀಲಿಲ್ಲ!" ಎಂದದ್ದು ನೆನಪಿದೆ. "ದಿನಾ ಬೆಳಿಗ್ಗೆ ಪಕ್ಕದಲ್ಲೇ ಕೂತಿದ್ರಲ್ಲ ಭಾವ. ಮಗು ಕತ್ತು ಹಿಸುಕ್ಕೊಂಡು ಹಾಡೋದನ್ನ ಕೇಳಿಸ್ಕೊಂಡೇ ನುಡಿಸಿದ್ರಲ್ಲ. ಒಂದು ಮಾತು ಹೇಳೋಕೆ ನಿಮಗೆ ಬಾಯಿ ಬರಲಿಲ್ವಾ?"

"ಹೇಳಿದ್ರೆ ನಿಮ್ಮಕ್ಕನಿಗೆ ಗೊತ್ತಾಗ್ತಿತ್ತಮ್ಮ" ಎಂದರು ಭಾವ. ಅವರ ಕಣ್ಣಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಾಳೆ ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಈ ವರ್ಷ ಹೇಗೂ ಶಿಳ್ಳೆಗೆ ಬುಡ ಬಂತಲ್ಲ, ಎಲ್ಲಾ ಸರಿಹೋಯ್ತು ಅಂದ್ಕೊಂಡೆ."

ಅವರ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅಷ್ಟರಲ್ಲಿ ಯಜಮಾನರು ಕೀಬೋರ್ಡಿನ ಮೇಲೆ ಬಗ್ಗಿ ಕನ್ನಡಕ ಏರಿಸಿಕೊಂಡು ಏನೋ ಹುಡುಕುತ್ತಿದ್ದರು. ಅವರು ಕೆಟ್ಟವರಲ್ಲ, ಕಂಪನಿ ನಡೆಸುವವರು. ಅಕ್ಕನ ಮುಖವಿಲ್ಲದೆ ಅವರ ಭಿತ್ತಿಪತ್ರ ಇಲ್ಲ.

"ಇದರಲ್ಲಿ ಸ್ವರ ಇಳಿಸೋ ಗುಂಡಿ ಇದೆ" ಎಂದರು. ಮೂರು ಸಲ ಒತ್ತಿ ಶಿಳ್ಳೆಯ ಕಡೆ ತಿರುಗಿದರು. "ಈಗ ಹಾಡಮ್ಮ. ಇದು ನಮ್ಮ ಐದು ಜನದಿಂದ ಆಚೆ ಹೋಗೋದು ಬೇಡ."

ಶಿಳ್ಳೆ ನನ್ನ ಕಡೆ ನೋಡಿದಳು. ಬೇಡ ಎಂದು ತಲೆ ಆಡಿಸಿದೆ. ಅವಳು ಭಾವನ ಕಡೆ ತಿರುಗಿ, "ನುಡಿಸಿ ದೊಡ್ಡಪ್ಪ" ಎಂದಳು.

ಆ ದಪ್ಪ, ಒರಟು, ಹೊಸ ದನಿಯಲ್ಲಿ ಬಾವಿಯ ಹಾಡು ತಳದಿಂದ ತುದಿಯವರೆಗೆ ಎಲ್ಲೂ ಮುಗ್ಗರಿಸದೆ ಬಂತು. ಚೆನ್ನಾಗಿಯೇ ಹಾಡಿದಳು, ಸುಳ್ಳು ಯಾಕೆ ಹೇಳಲಿ. ಬೇರೆ ಯಾರದೋ ಮಗಳು ಹಾಡುತ್ತಿದ್ದಾಳೆ ಎನ್ನಿಸಿತು. ಹಾಡು ನಿಂತಿತು. ಆಮೇಲೆ ಕೊನೆಯ ಸಾಲಿನ ಕತ್ತಲೆಯಿಂದ ಅಂಗೈ ಮರಕ್ಕೆ ಬಿದ್ದ ಸದ್ದು ಕೇಳಿತು. ಒಂದೇ ಏಟು. ಅದಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆನೋ. ಕೇಳಿದಾಗ ಅಂಗಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ಬಾಯಲ್ಲಿಟ್ಟುಕೊಂಡೆ.

ಆಮೇಲೆ ಬಾಗಿಲು ತೆರೆದರು. ಕಾಯುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಇಳಿಸಿದ ಕೀಬೋರ್ಡಿಗೇ ಹಾಡಿದರು. ಅವರಲ್ಲಿ ಇಬ್ಬರದು ತೆಳ್ಳಗೆ ಎತ್ತರದ ದನಿ. ಮೊದಲ ಸಾಲು ಕೇಳಿಸಲಿಲ್ಲ. ಅಕ್ಕ ತಟ್ಟಲಿಲ್ಲ. ತಲೆ ತಗ್ಗಿಸಿಕೊಂಡು ಹೊರಟ ಅವರಿಗೆ ಒಂದು ಮಾತು ಹೇಳಬಹುದಿತ್ತು. ಸೂಜಿಗಳು ನನ್ನ ಬಾಯಲ್ಲಿದ್ದವು.

ಈಗ ಅಕ್ಕ ರಾಣಿ, ನನ್ನ ಮಗಳು ಕಪ್ತಾನನ ಮಗಳು. ಭಿತ್ತಿಪತ್ರದಲ್ಲಿ ಇಬ್ಬರ ಮುಖವೂ ಇದೆ. ಅಕ್ಕ ಮೊದಲ ದಿನದ ಮಾತು ಎತ್ತುವುದನ್ನು ಬಿಟ್ಟಿದ್ದಾಳೆ. ಭಾವನ ಜೊತೆ ಮಾತೂ ಬಿಟ್ಟಿದ್ದಾಳೆ. ತಾಲೀಮಿನಲ್ಲಿ ಅವರು ಸ್ವರ ಕೊಟ್ಟರೆ ತೆಗೆದುಕೊಳ್ಳುತ್ತಾಳೆ, ಅಷ್ಟೇ. ಮೊನ್ನೆ ರಾಣಿಯ ಉಡುಪು ತೊಡಿಸುವಾಗ ಕನ್ನಡಿಯಲ್ಲೇ ನನ್ನನ್ನು ನೋಡಿ, "ಸೊಂಟ ಎಷ್ಟು ಬಿಟ್ಟಿದೀಯೇ? ನಿಜ ಹೇಳು" ಎಂದಳು. ನಿಜ ಹೇಳಿದೆ. "ಹೂಂ" ಎಂದಳು. ಶಿಳ್ಳೆಯನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೀಗೇ ಹಾಡಿದರೆ ಈ ದನಿಯೂ ಬಹಳ ಕಾಲ ಬಾಳುವುದಿಲ್ಲ, ಹೋದ ದನಿಯಂತೂ ಮತ್ತೆ ಬರುವ ಹಾಗಿಲ್ಲ ಎಂದರು. ದಾರಿಯುದ್ದಕ್ಕೂ ನಾನು ಅತ್ತೆ, ಅವಳು ಅಳಲಿಲ್ಲ.

ಬಡಗಿ ಬಂದು ಪಿಯಾನೊಗೆ ಹೊಸ ಕಾಲು ಕೂಡಿಸಿದ. ತಾಲೀಮು ಕೋಣೆಯ ಹೊಸ ಹಲಗೆಯ ಮೇಲೆ ಅದು ಮತ್ತೆ ನಿಂತಿತು. ಇವತ್ತು ಬೆಳಿಗ್ಗೆ ಭಾವ ಮುಚ್ಚಳ ತೆಗೆದು, ತಂತಿ ತಿರುಗಿಸುವ ಕೈಹಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಶಿಳ್ಳೆ ಸ್ಟೂಲಿನ ಮೇಲೆ ನಿಂತಿದ್ದಳು, ನಾನು ನೆಲದಲ್ಲಿ ಕೂತು ಅವಳ ನಿಲುವಂಗಿಯ ಅಂಚಿಗೆ ಸೂಜಿ ಚುಚ್ಚುತ್ತಿದ್ದೆ. ನಾನು ಇನ್ನೂ ಭಾವನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಹೊರಗಿನ ಓಣಿಯಲ್ಲಿ ಗುಂಪಿನಲ್ಲಿ ಹಾಡುವ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತನ್ನ ಪಾಡಿಗೆ ತಾನು ಬಾವಿಯ ಹಾಡನ್ನು ಗುನುಗುತ್ತಿದ್ದಳು. ತುದಿಯ ಸ್ವರ ಬಂದಾಗ ದನಿಬಿಟ್ಟು ಹಾಡಿದಳು. ಎತ್ತರವಾಗಿ, ಸಲೀಸಾಗಿ ಹೋಗಿ ನಿಂತಿತು. ನಾನು ಸೂಜಿ ಚುಚ್ಚುವುದನ್ನು ಬಿಟ್ಟು ಕೇಳಿದೆ.

ಭಾವನಿಗೂ ಅದು ಕೇಳಿಸಿತು. "ಇದನ್ನ ಇರಬೇಕಾದ ಎತ್ತರಕ್ಕೆ ಏರಿಸಿಬಿಡ್ತೀನಮ್ಮ" ಎಂದರು ನನ್ನ ಮಗಳಿಗೆ. "ನಿಂಗೂ ನಿನ್ನ ದೊಡ್ಡಮ್ಮಂಗೂ ನಾನೇ ಕೆಳಗಿನ ಕೀ ಹಿಡಿದು ನುಡಿಸ್ತೀನಿ, ಎಲ್ಲರಿಗೂ ಗೊತ್ತಾದ್ರೂ ಆಗಲಿ. ಇನ್ಮೇಲೆ ಬರೋ ಮಕ್ಕಳಿಗಾದ್ರೂ ಮೋಸ ಆಗೋದು ಬೇಡ."

ಶಿಳ್ಳೆ ಓಣಿಯ ಕಡೆ ಕಿವಿ ಕೊಟ್ಟು ನಿಂತಿದ್ದಳು. ಹುಡುಗಿ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಿದ್ದಳು.

"ಇದ್ದ ಹಾಗೇ ಇರಲಿ ದೊಡ್ಡಪ್ಪ" ಎಂದಳು ಆ ದಪ್ಪ ದನಿಯಲ್ಲಿ. ಆಮೇಲೆ, "ಮುಂದಿನ ವರ್ಷ ಇನ್ನೊಂಚೂರು ಇಳಿಸಿ" ಎಂದಳು.

ಭಾವ ನನ್ನ ಕಡೆ ನೋಡಿದರು. ನಾನು ಏನಾದರೂ ಹೇಳಲಿ ಎಂದು ಕಾದರು. ನಾನು ಬಾಯಿಂದ ಇನ್ನೊಂದು ಸೂಜಿ ತೆಗೆದು ಅಂಚಿಗೆ ಚುಚ್ಚಿದೆ. ಅವರು ನಿಧಾನಕ್ಕೆ ಎದ್ದು ಹೋಗಿ, ಪ್ರತಿ ವರ್ಷ ಶ್ರುತಿಗೆ ಕೂರುವಾಗಿನ ಹಾಗೆ, ಒಳಗಿಂದ ಬಾಗಿಲು ಹಾಕಿಕೊಂಡರು. ನಾನು ಒಳಗೇ ಇದ್ದೆ.